ಸೂಳೆಕೆರೆಗೆ ಗಾಳ ಹೊತ್ತು ಹೋಗುವವರಿಗೆ

ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಏರಿಯ ಮೇಲೆ ‘ಗಾಳದ ಪಾಸು’ ಅಂತ ಮುನ್ನೂರು ರೂಪಾಯಿ ಕೇಳುವವನು ಸಿಕ್ಕರೆ ಜೇಬಿಗೆ ಕೈ ಹಾಕಬೇಡಿ. ನನ್ನ ಹತ್ತಿರ ಕಿತ್ತುಕೊಂಡ. ಕೊಟ್ಟ ಚೀಟಿಯಲ್ಲಿ ಸೀಲಿಲ್ಲ, ಹೆಸರಿಲ್ಲ, ಪೆನ್ನಿನಲ್ಲಿ ಗೀಚಿದ ತಾರೀಕು ಅಷ್ಟೇ. ಸ್ವಲ್ಪ ಹೊತ್ತಿಗೆ ತೆಪ್ಪದಲ್ಲಿ ಬಂದ ಮೀನುಗಾರರು ಅದನ್ನು ನೋಡಿ ಬಿದ್ದುಬಿದ್ದು ನಕ್ಕರು. ಇಂಥ ದೊಡ್ಡ ಕೆರೆಗಳ ಮೀನಿನ ಹಕ್ಕು ಗುತ್ತಿಗೆಯದು. ಮರಿ ಬಿಟ್ಟು ಬೆಳೆಸುವವರು ಗುತ್ತಿಗೆದಾರರು. ಕೇಳುವುದಾದರೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ, ಇಲ್ಲವೇ ಬಲೆ ಬಿಡುವವರನ್ನೇ ಕೇಳಿ. “ಒಂದು ಕೋಲಾದ್ರೆ ಹಾಕ್ಕಳ್ರಿ, ಬಲೆ ಹತ್ರ ಮಾತ್ರ ಬರಬ್ಯಾಡ್ರಿ” ಅಂದರು ಅವರು. ದುಡ್ಡಿನ ಮಾತೇ ಎತ್ತಲಿಲ್ಲ.

ದಾವಣಗೆರೆಯಿಂದ ಸಂತೇಬೆನ್ನೂರು ದಾರಿಯ ಬಸ್ಸಿನಲ್ಲಿ ಕಂಡಕ್ಟರು ನನ್ನ ಬಿದಿರು ಕೋಲಿಗೂ ಅರ್ಧ ಟಿಕೆಟ್ ಹರಿದ. ಕೋಲನ್ನು ಕಿಟಕಿಯಿಂದ ಹೊರಗೆ ಚಾಚಿಕೊಂಡೇ ಕೂರಬೇಕಾಯಿತು, ಅದಕ್ಕೂ ಬೈಗುಳ. ಮಡಚುವ ಕೋಲಿದ್ದರೆ ಚೀಲದಲ್ಲಿ ಹಾಕಿಕೊಂಡು ಹೋಗಿ.

ಎರಡು ಗುಡ್ಡಗಳ ನಡುವಿನ ಆ ಏರಿ, ಸಿದ್ಧ ಮತ್ತು ಬಸವ ಎಂಬ ಎರಡು ತೂಬು, ಕೆರೆ ಕಟ್ಟಿಸಿದಳು ಎನ್ನುವ ಶಾಂತವ್ವನ ಕಥೆ, ಎಲ್ಲ ಸರಿ. ಗಾಳ ಹಾಕಲು ಮಾತ್ರ ಏರಿ ಬೇಡ. ಕಲ್ಲು ಜಾರುತ್ತದೆ, ತೂಬಿನ ಬಳಿ ಕೂರುವುದಂತೂ ಅಪಾಯ. ಭಾನುವಾರ ಸ್ಪೀಕರ್ ಹಚ್ಚಿ ಕುಣಿಯುವವರ ಕಾಲಿನ ಸದ್ದಿಗೆ ಮೀನಿರಲಿ, ಕಪ್ಪೆಯೂ ನಿಲ್ಲುವುದಿಲ್ಲ. ನನಗೆ ಜನ ಕಂಡರಾಗದು, ನಿಮಗೆ ಜಾತ್ರೆ ಇಷ್ಟವಿದ್ದರೆ ಬೇರೆ ಮಾತು. ವಾರದ ನಡುವೆ ಹೋಗಿ, ಏರಿಯಿಂದ ದೂರ ಹಿನ್ನೀರಿನ ಕಡೆ, ಜೊಂಡು ಬೆಳೆದ ಅಂಚು ಹುಡುಕಿ. ಗಾಳಿ ಯಾವ ದಡಕ್ಕೆ ಬಡಿಯುತ್ತಿದೆಯೋ ಅಲ್ಲೇ ಕೂರಿ. ತೇಲುವ ತಿನಿಸು ಅಲ್ಲಿಗೇ ಬಂದು ಸೇರುತ್ತದೆ, ಅದರ ಹಿಂದೆ ಮೀನೂ ಬರುತ್ತದೆ.

ಇನ್ನು ಗಾಳದ ದಾರಕ್ಕೆ ಕಟ್ಟಿ ನೀರ ಮೇಲೆ ತೇಲಿಸುವ ಬೆಂಡಿನ ವಿಷಯ. ಎರೆಯನ್ನು ಬೇಕಾದ ಆಳಕ್ಕೆ ನಿಲ್ಲಿಸುವುದು, ಮೀನು ಮುಟ್ಟಿದ್ದನ್ನು ಹೇಳುವುದು, ನಿಂತ ನೀರಿನಲ್ಲಿ ಅದರ ಕೆಲಸ ಇಷ್ಟೇ. ಅಂಗಡಿಯಲ್ಲಿ ಮಾರುವ ಕೆಂಪು-ಬಿಳಿ ಗುಂಡು ಬೆಂಡು ಇದಕ್ಕೆ ದಂಡ. ಅದನ್ನು ಮುಳುಗಿಸಲು ಮೀನು ಜೋರಾಗಿ ಎಳೆಯಬೇಕು. ಭಾರ ತಾಗಿದ ಕೂಡಲೇ ಎರೆ ಉಗುಳಿ ಹೋಗುತ್ತದೆ. ಪಕ್ಕದಲ್ಲಿ ಕೂತಿದ್ದ ಯಜಮಾನರ ಬೆಂಡು ಜೋಳದ ದಂಟಿನದು, ಸಿಪ್ಪೆ ಸುಲಿದು ಪೆನ್ಸಿಲ್ಲಿನಷ್ಟು ಸಣ್ಣಗೆ ಕೊಯ್ದದ್ದು. “ಸಣ್ಣದು ಹಾಕ್ರಿ ಅಣ್ಣಾ, ಇದು ದಪ್ಪ ಆತು” ಎಂದು ತಮ್ಮ ಚೀಲದಿಂದಲೇ ಒಂದು ತೆಗೆದುಕೊಟ್ಟರು. ದಾರಕ್ಕೆ ಸೀಸದ ಕಾಳುಗಳನ್ನು ಒಂದೊಂದಾಗಿ ಕಚ್ಚಿಸುತ್ತ, ಬೆಂಡಿನ ತುದಿ ಉಗುರಿನಷ್ಟೇ ಮೇಲೆ ಉಳಿಯುವ ಹಾಗೆ ಮಾಡಿದರು. ಆಮೇಲೆ ಮೀನು ಮೂಸಿದರೂ ಗೊತ್ತಾಗುತ್ತಿತ್ತು.

ಆಳ ಅಳೆಯದೆ ಗಾಳ ಹಾಕಬೇಡಿ. ಕೊಕ್ಕೆಗೆ ಒಂದು ಸೀಸದ ತುಂಡು ಸಿಕ್ಕಿಸಿ ಬಿಡಿ. ಬೆಂಡು ಪೂರಾ ಮುಳುಗಿದರೆ ಅದನ್ನು ದಾರದಲ್ಲಿ ಮೇಲಕ್ಕೆ ಸರಿಸಿ, ಅಡ್ಡ ಮಲಗಿದರೆ ಕೆಳಕ್ಕೆ. ಕಾಟ್ಲಾ ಮೇಲ್ನೀರಲ್ಲಿ ತಿನ್ನುತ್ತದೆ, ರೋಹು ನಡುನೀರಲ್ಲಿ, ಮೃಗಾಲ್ ಮತ್ತು ಗೆಂಡೆ ತಳದಲ್ಲಿ. ಗೆಂಡೆಗಾದರೆ ಕೊಕ್ಕೆಯಿಂದ ನಾಲ್ಕು ಬೆರಳು ಮೇಲೆ ಒಂದು ದಪ್ಪ ಸೀಸ ಕಚ್ಚಿಸಿ, ಅದು ತಳದಲ್ಲಿ ಕೂತಿರಲಿ. ಮೀನು ಎರೆ ಕಚ್ಚಿ ತಲೆ ಎತ್ತಿದಾಗ ಸೀಸವೂ ಏಳುತ್ತದೆ, ಭಾರ ಕಳೆದ ಬೆಂಡು ಮೇಲೆದ್ದು ಮಲಗುತ್ತದೆ. ಬೆಂಡು ಮುಳುಗಲಿ ಎಂದು ಕಾದು ಕೂತವರಿಗೆ ಇಲ್ಲಿ ಗೆಂಡೆ ಸಿಗುವುದಿಲ್ಲ. ಬೆಂಡು ಏಳುವಾಗಲೇ ಕೋಲೆತ್ತಬೇಕು.

ಎರೆಹುಳು ಹಾಕಿದರೆ ಜಿಲೇಬಿ (ತಿಲಾಪಿಯಾ) ಮೀನಿನ ಮರಿಗಳು ಕೊಕ್ಕೆ ಬರಿದು ಮಾಡುತ್ತವೆ. ಆಫ್ರಿಕಾದ ಈ ಮೀನು 1952ರಲ್ಲಿ ಭಾರತಕ್ಕೆ ಬಂದದ್ದು, ಅಂದಿನಿಂದ ಗಾಳದವರ ಎರೆ ತಿಂದೇ ಬದುಕಿದೆ ಎನ್ನಬಹುದು. ಬೇಯಿಸಿದ ಮೆಕ್ಕೆಜೋಳದ ಕಾಳು ಹಾಕಿ, ಮರಿಗಳ ಬಾಯಿಗೆ ಅದು ಹಿಡಿಸುವುದಿಲ್ಲ. ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳಕ್ಕೆ ಬರವೂ ಇಲ್ಲ. ಮೀನನ್ನು ಸೇರಿಸಲು ಕಡಲೆಕಾಯಿ ಹಿಂಡಿ, ತವುಡು ಕಲಸಿದ ಉಂಡೆ ಆಗಾಗ ಒಂದೊಂದು ಎಸೆದರೆ ಸಾಕು, ಹೊಟ್ಟೆ ತುಂಬಿಸಬೇಡಿ. ಮಧ್ಯಾಹ್ನ ಗಾಳಿ ಎದ್ದಾಗ ನೀರ ಮೇಲಿನ ದಾರ ಬೆಂಡನ್ನು ಎಳೆದೊಯ್ಯುತ್ತದೆ. ಕೋಲಿನ ತುದಿಯನ್ನು ನೀರಲ್ಲಿ ಅದ್ದಿ, ದಾರ ಮುಳುಗಿಸಿಟ್ಟರೆ ನಿಲ್ಲುತ್ತದೆ.

ಹೊತ್ತು ನೆತ್ತಿಗೆ ಬಂದಾಗ ಮೀನು ಮುಟ್ಟುವುದಿಲ್ಲ, ಎದ್ದು ಊಟಕ್ಕೆ ಹೋಗಿ. ಸಂತೇಬೆನ್ನೂರು ರಸ್ತೆಯ ಬದಿಯಲ್ಲಿ ತಗಡಿನ ಒಂದು ಶೆಡ್ಡಿದೆ, ಬೋರ್ಡಿಲ್ಲ, ಎರಡು ಬೆಂಚು, ಅಕ್ಕ ಒಬ್ಬರೇ ಅಡಿಗೆಗೂ ಬಡಿಸಲಿಕ್ಕೂ. ಕೈ ಸುಡುವ ರಾಗಿಮುದ್ದೆ, ಹುಣಸೆಹುಳಿ ಮುಂದಾದ ಮೀನಿನ ಸಾರು. ಸಾರಿನಲ್ಲಿ ತೆಂಗಿನಕಾಯಿ ಕಡಿಮೆ, ಬೆಳ್ಳುಳ್ಳಿ ಧಾರಾಳ, ಮೇಲೆ ತೇಲುವ ಎಣ್ಣೆ ಖಾರದ ಕೆಂಪು. ಕಾವಲಿಯ ಮೇಲೆ ಅಂಚು ಕರಿದಾಗುವ ತನಕ ಹುರಿದ ಸಣ್ಣ ಜಿಲೇಬಿಯನ್ನು ಮುಳ್ಳು ಸಮೇತ ಅಗಿಯಬಹುದು. “ಇನ್ನೊಂದು ಮುದ್ದೆ ಹಾಕ್ಲೇನಪ್ಪಾ” ಎಂದು ಕೇಳುತ್ತಲೇ ಹಾಕಿರುತ್ತಾರೆ. ಎಂಬತ್ತು ರೂಪಾಯಿ, ಸಾರು ಬೇಕಾದಷ್ಟು. ದಾವಣಗೆರೆಯ ಲಾಡ್ಜಿನಲ್ಲಿ ತಿಗಣೆ ಹಾಸಿಗೆಗೆ ಸಾವಿರದ ಮುನ್ನೂರು ತೆತ್ತ ಹೊಟ್ಟೆಯುರಿ ಅಲ್ಲಿ ಆರಿತು. ನೀವು ಹಿಡಿದ ಮೀನು ಕೊಟ್ಟರೆ ಹುರಿದೂ ಕೊಡುತ್ತಾರೆ, ಆದರೆ ಹನ್ನೊಂದರೊಳಗೆ ಹೇಳಿಟ್ಟಿರಬೇಕು.

ಇದು ಚಿತ್ರದುರ್ಗದವರು ಕುಡಿಯುವ ನೀರು. ತುಂಡಾದ ನೈಲಾನ್ ದಾರ, ಹಿಂಡಿಯ ಪ್ಲಾಸ್ಟಿಕ್ ಚೀಲ ಅಲ್ಲಿ ಬಿಡಬೇಡಿ, ದಾರಕ್ಕೆ ಬೆಳ್ಳಕ್ಕಿಗಳ ಕಾಲೂ ಸಿಕ್ಕಿಕೊಳ್ಳುತ್ತದೆ. ಸಂಜೆ ಮೀನು ಕಚ್ಚುವ ಹೊತ್ತು, ಕೊನೆಯ ಬಸ್ಸಿನ ಹೊತ್ತು ಎರಡೂ ಒಂದೇ. ಬರುವಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ. ಬಸ್ಸು ತಪ್ಪಿದರೆ ಚನ್ನಗಿರಿಗೆ ಆಟೋದವರು ಹೇಳುವ ರೇಟಿಗೆ ಒಂದು ಕೊಡ ಗೆಂಡೆ ಬರುತ್ತದೆ.