ಸಂಜೆ ಆರೂವರೆಗೆ ಬಿಪಿ ನೋಡುವುದು

ನಾನು ಪಾವಗಡ ಕಡೆಯ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಊರಿನವರಿಗೆ ಬರೀ ಸಿಸ್ಟರ್. ಬೆಳಿಗ್ಗೆ ಬಾಗಿಲು ತೆಗೆದು ಕೂತರೆ ಬಿಪಿ ತೋರಿಸಿಕೊಳ್ಳೋಕೆ ಬರುವವರು ಮನೆಯಲ್ಲೇ ಇರುವವರು. ಕಡಲೆಕಾಯಿ ಕೀಳೋಕೆ ಹೋಗುವವರು ಬರಲ್ಲ. ಬಂದರೆ ಅವತ್ತಿನ ಕೂಲಿ ಹೋಯಿತು, ಅಲ್ವಾ?

ಅದಕ್ಕೇ ಈಗ ಸಂಜೆ ಆರೂವರೆಗೆ ಆಶಾ ಕಾರ್ಯಕರ್ತೆ ಅಕ್ಕನ ಜೊತೆ ಬೀದಿಗೆ ಹೋಗುತ್ತೇನೆ. 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರ ಬಿಪಿ, ಶುಗರ್ ಅನ್ನು ಮನೆಗೇ ಹೋಗಿ ನೋಡುತ್ತಾರೆ. ಆದರೆ ಮನೆಗೆ ಹೋದರೆ ಸಾಲದು, ಅವರು ಮನೆಯಲ್ಲಿರುವ ಹೊತ್ತಿಗೆ ಹೋಗಬೇಕು.

ಒಬ್ಬ ಅಮ್ಮ, ಐವತ್ತರ ಆಸುಪಾಸು. ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಮಣ್ಣು. ಐದು ನಿಮಿಷ ಸುಮ್ನೆ ಕೂರಿಸಿ, ಮಾತಾಡಬೇಡಿ ಅಂತ ಹೇಳಿ ಪಟ್ಟಿ ಕಟ್ಟಿದೆ. 178/106. ಮತ್ತೊಮ್ಮೆ ನೋಡಿದರೂ ಹೆಚ್ಚುಕಮ್ಮಿ ಅಷ್ಟೇ. ಮೊದಲೇ ಬಿಪಿಗೆ ಅಮ್ಲೋಡಿಪಿನ್ ಮಾತ್ರೆ ಕೊಟ್ಟಿದ್ದೆವು. ಹುಡುಕಿದಾಗ ದೇವರ ಗೂಡಿನ ಪಕ್ಕ ಸಿಕ್ಕಿತು. ಮೂವತ್ತರಲ್ಲಿ ಇಪ್ಪತ್ತೆರಡು ಮಾತ್ರೆ ಹಾಗೇ ಇದ್ದವು.

“ಏನೂ ನೋವಿಲ್ಲ ಕಣಮ್ಮ, ಸುಮ್ನೆ ಯಾಕೆ ನುಂಗ್ಲಿ?”

ಈ ಪ್ರಶ್ನೆ ತಪ್ಪಲ್ಲ. ನೋವಿದ್ದರೆ ಮಾತ್ರ ಮದ್ದು ಅಂತ ಬದುಕಿದವರು ಅವರು. ನೀರು ಜೋರಾಗಿ ಬಿಟ್ಟರೆ ಪೈಪು ಒಳಗೊಳಗೇ ಸವೆಯುವ ಹಾಗೆ ರಕ್ತನಾಳ ಹಾಳಾಗುತ್ತದೆ, ಅದಕ್ಕೆ ನೋವು ಬರಲ್ಲ ಅಂದೆ. ತೋಟದ ಡ್ರಿಪ್ ಪೈಪು ನೋಡಿದವರಿಗೆ ಅದು ತಕ್ಷಣ ಅರ್ಥವಾಯಿತು. ಹೊಲಕ್ಕೆ ಒಯ್ಯುವ ಮುದ್ದೆ ಜೊತೆ ದಿನಾ ಉಪ್ಪಿನಕಾಯಿ, ಆಮೇಲೆ ಎಲೆಅಡಿಕೆಗೆ ಹೊಗೆಸೊಪ್ಪು. ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚ ಉಪ್ಪು ದಾಟಬಾರದು. ಮೊದಲು ಹೊಗೆಸೊಪ್ಪು ಬಿಡಿ ಅಂದೆ. ಎಲ್ಲ ಒಟ್ಟಿಗೆ ಹೇಳಿದರೆ ಒಂದೂ ಆಗಲ್ಲ.

ಇನ್ನೊಂದು ಮಾತು ಪ್ರತಿ ಮನೆಯಲ್ಲೂ ಹೇಳುತ್ತೇನೆ: ಎದೆ ಹಿಂಡಿದ ಹಾಗಾದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗಬೇಡಿ. ನನ್ನ ದೊಡ್ಡಪ್ಪ ಹಾಗೇ ಹೋದರು, ನಾನಾಗ ಪಿಯುಸಿ. ಇಲ್ಲಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರ್. ಅಷ್ಟು ದೂರ ಹೋಗುವಷ್ಟರಲ್ಲಿ ಹೃದಯದ ಮಾಂಸ ಸಾಯುತ್ತಾ ಹೋಗುತ್ತದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಈ ದೂರಕ್ಕೇ ಮಾಡಿದ್ದು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ಡಾಕ್ಟರು ನೋಡಿ ಹೇಳುತ್ತಾರೆ. ಬೇಕಾದವರಿಗೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ, ಉಚಿತವಾಗಿ. ಹೊರಗೆ ಅದಕ್ಕೆ ಸಾವಿರಗಟ್ಟಲೆ ರೂಪಾಯಿ. ಕೂಲಿಯವರು ಎಲ್ಲಿಂದ ತರಬೇಕು?

ಮೊನ್ನೆ ಆ ಅಮ್ಮನದು 146/90 ಇತ್ತು. ಮಾತ್ರೆ ಈಗ ಟೀಪುಡಿ ಡಬ್ಬಿ ಪಕ್ಕ ಬಂದಿದೆ, ಬೆಳಿಗ್ಗೆ ಕೈಗೆ ಸಿಗುವ ಹಾಗೆ. ಅವರ ಯಜಮಾನರು ಮಾತ್ರ ಇನ್ನೂ ಪಟ್ಟಿ ಕಟ್ಟಿಸಿಕೊಂಡಿಲ್ಲ. ನಮ್ಮನ್ನು ಕಂಡ ಕೂಡಲೇ ಹಿತ್ತಲಿಗೆ ಹೋಗುತ್ತಾರೆ. ಗುರುವಾರ ಮತ್ತೆ ಹೋಗುತ್ತೇನೆ.