ನಾಲ್ಕು ಗಂಟೆಯ ಕಾಫಿ ಮತ್ತು ಒಂಬತ್ತರಿಂದ ಭಾಗವಾಗುವ ತಪ್ಪುಗಳು

ಲೆಕ್ಕ ಬರೆಯುವವರಿಗೆ ಒಂದು ಹಳೆಯ ಉಪಾಯ ಗೊತ್ತಿರುತ್ತದೆ. ತಾಳೆ ಬೀಳದ ಮೊತ್ತ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ, ಎಲ್ಲೋ ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. 54,700 ಎಂದು ಬರೆಯಬೇಕಾದಲ್ಲಿ 45,700 ಎಂದು ಬರೆದರೆ ವ್ಯತ್ಯಾಸ 9,000. ಯಾವ ಎರಡು ಅಂಕಿಗಳನ್ನು ಹೀಗೆ ತಿರುಗಿಸಿದರೂ ಬರುವ ವ್ಯತ್ಯಾಸ ಒಂಬತ್ತರ ಗುಣಕವೇ ಆಗಿರುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಗುಮಾಸ್ತರೊಬ್ಬರು ಇದನ್ನು ಹೇಳಿಕೊಟ್ಟಿದ್ದರು. ಆದರೆ ಇಂತಹ ತಪ್ಪುಗಳು ಯಾವ ಹೊತ್ತಿನಲ್ಲಿ ಆಗುತ್ತವೆ ಎಂಬುದನ್ನು ಅವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಅದನ್ನು ತಿಳಿಯುವ ದಾರಿ ಆಗ ಇರಲೂ ಇಲ್ಲ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರದ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ದಾಖಲೆ ಉಳಿಯಲೇಬೇಕೆಂಬ ನಿಯಮ ಬಂತು. ನಮ್ಮಂಥವರಿಗೆ ಮೊದಲು ಅದು ಇನ್ನೊಂದು ತಲೆನೋವಾಗಿಯೇ ಕಂಡಿತು. ಆದರೆ ಒಂದು ತಿಂಗಳ 20ನೆಯ ತಾರೀಖು, ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೆಯ ದಿನ, ಅದೇ 9,000 ರೂಪಾಯಿಯ ಬೆನ್ನು ಹತ್ತಿ ರಾತ್ರಿ ಎಂಟೂವರೆಯವರೆಗೆ ಕುಳಿತಿದ್ದಾಗ, ಆ ದಾಖಲೆಯನ್ನು ತೆರೆದು ನೋಡಿದೆ. ನಮೂದಿಸಿದವನು ನಾನೇ, ಹೊತ್ತು ಮಧ್ಯಾಹ್ನ 2 ಗಂಟೆ 50 ನಿಮಿಷ. ಕುತೂಹಲಕ್ಕೆಂದು ನನ್ನ ಹಿಂದಿನ ತಪ್ಪುಗಳನ್ನೂ ಒಂದೊಂದಾಗಿ ಹುಡುಕಿ ಡೈರಿಯ ಕೊನೆಯ ಪುಟದಲ್ಲಿ ಬರೆದುಕೊಂಡಾಗ, ಹೆಚ್ಚಿನವು ಎರಡೂವರೆಯಿಂದ ನಾಲ್ಕರ ನಡುವೆಯೇ ಗುಂಪುಗೂಡಿದ್ದವು.

ಸಹಜವಾಗಿ ಮೊದಲ ಆರೋಪ ಊಟದ ಮೇಲೆ ಬಿತ್ತು. ಡಬ್ಬಿಯಲ್ಲಿ ಅನ್ನ, ಸಾರು, ಮೊಸರನ್ನ ಒಯ್ಯುವವನಿಗೆ ನಿದ್ದೆ ಬರದೆ ಇನ್ನೇನು ಬರುತ್ತದೆ ಎಂದು ಮನೆಯವಳು ನಕ್ಕಳು. ಎರಡು ವಾರ ಅನ್ನ ಬಿಟ್ಟು ಎರಡು ಚಪಾತಿ, ಪಲ್ಯ ಒಯ್ದೆ. ತೂಕಡಿಕೆ ಸ್ವಲ್ಪ ಹಗುರಾಯಿತೇ ಹೊರತು ಹೋಗಲಿಲ್ಲ. ಮಧ್ಯಾಹ್ನದ ಈ ಮಂಪರು ಊಟದಿಂದ ಮಾತ್ರ ಬರುವುದಲ್ಲ, ದೇಹದ ಒಳಗಡಿಯಾರವೇ ಆ ಹೊತ್ತಿಗೆ ಒಂದು ಇಳಿತವನ್ನು ತರುತ್ತದೆ, ಹೊಟ್ಟೆ ತುಂಬ ಉಂಡರೆ ಅದು ಇನ್ನಷ್ಟು ಆಳವಾಗುತ್ತದೆ ಎಂದು ಆಮೇಲೆ ಓದಿ ತಿಳಿದೆ. ಮೊಸರನ್ನಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿ ಅದನ್ನು ಡಬ್ಬಿಗೆ ಮರಳಿ ಕರೆತಂದೆ.

ನಿಜವಾದ ಸಂಗತಿ ಹಿಂದಿನ ರಾತ್ರಿಯಲ್ಲಿತ್ತು. ಎಷ್ಟೋ ವರ್ಷಗಳಿಂದ ನಾಲ್ಕು ಗಂಟೆಗೆ ಕೆಳಗಿನ ದರ್ಶಿನಿಯಲ್ಲಿ ಒಂದು ಸ್ಟ್ರಾಂಗ್ ಕಾಫಿ ಕುಡಿಯುವುದು ನನಗೆ ಸಂಧ್ಯಾವಂದನೆಯಷ್ಟೇ ನಿಯಮಿತವಾಗಿತ್ತು. ನಾವು ಎಚ್ಚರವಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತ ಹೋಗಿ ನಿದ್ದೆಯ ಒತ್ತಡವನ್ನು ಹೆಚ್ಚಿಸುತ್ತದೆ. ಕಾಫಿಯಲ್ಲಿನ ಕೆಫೀನ್, ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕುಳಿತು ಅದರ ಮಾತು ಕೇಳಿಸದಂತೆ ಮಾಡುತ್ತದೆ. ದಣಿವು ಹೋಗುವುದಿಲ್ಲ, ಅದರ ಸುದ್ದಿ ತಲುಪುವುದಿಲ್ಲ, ಅಷ್ಟೆ. ಕುಡಿದ ಕೆಫೀನ್‌ನ ಅರ್ಧ ಭಾಗ ದೇಹದಿಂದ ಕರಗಲು ಸುಮಾರು ಐದು ಗಂಟೆ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಲೆಕ್ಕದವನಾದ ನನಗೆ ಮುಂದಿನದನ್ನು ಯಾರೂ ಹೇಳಬೇಕಾಗಿರಲಿಲ್ಲ: ನಾಲ್ಕಕ್ಕೆ ಕುಡಿದದ್ದರಲ್ಲಿ ಒಂಬತ್ತಕ್ಕೆ ಅರ್ಧ ಬಾಕಿ, ನಡುರಾತ್ರಿ ಎರಡಕ್ಕೆ ಕಾಲು ಭಾಗ ಬಾಕಿ. ಹನ್ನೊಂದಕ್ಕೆ ಮಲಗಿದರೂ ಹನ್ನೆರಡೂವರೆಯವರೆಗೆ ಫ್ಯಾನು ನೋಡುತ್ತ ಬಿದ್ದಿರುತ್ತಿದ್ದುದಕ್ಕೆ, ಮರುದಿನ ಮಧ್ಯಾಹ್ನ ಅಂಕಿಗಳು ಕಣ್ಣೆದುರೇ ಜಾಗ ಬದಲಿಸುತ್ತಿದ್ದುದಕ್ಕೆ, ಆ ಮಂಪರು ಕಳೆಯಲೆಂದು ಮತ್ತೆ ನಾಲ್ಕಕ್ಕೆ ಕಾಫಿ ಬೇಕಾಗುತ್ತಿದ್ದುದಕ್ಕೆ ಹೀಗೆ ಒಂದೇ ಖಾತೆಯಲ್ಲಿ ವಿವರ ಸಿಕ್ಕಿತು.

ಇಲ್ಲಿ ಒಂದು ಮಾತನ್ನು ಸೇರಿಸಲೇಬೇಕು. ಬಣ್ಣ ಕಪ್ಪಗಿದ್ದರೆ ಕಾಫಿ ಸ್ಟ್ರಾಂಗ್ ಎಂದು ನಾವು ನಂಬುತ್ತೇವೆ. ಡಿಕಾಕ್ಷನ್ನಿಗೆ ಆ ಗಾಢ ಬಣ್ಣ, ಕಹಿ ಕೊಡುವುದರಲ್ಲಿ ಚಿಕೋರಿಯ ಪಾಲು ದೊಡ್ಡದು, ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ವ್ಯತ್ಯಾಸ ಮಾಡುವುದು ಬೀಜದ ಜಾತಿ: ಅರೇಬಿಕಾಕ್ಕಿಂತ ರೋಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡರಷ್ಟು. ಆದ್ದರಿಂದ ಕೊಡಗಿನ ರೋಬಸ್ಟಾ ಹೆಚ್ಚಾಗಿ ಬೆರೆತ ತೆಳು ಕಾಫಿಯೊಂದು, ಚಿಕೋರಿ ತುಂಬಿದ ಕಡುಕಪ್ಪು ಕಾಫಿಗಿಂತ ನಿದ್ದೆಗೆ ದೊಡ್ಡ ಶತ್ರುವಾಗಿರಬಹುದು.

ಹನ್ನೊಂದು ಗಂಟೆಯ ನಂತರ ಕಾಫಿ ಬೇಡವೆಂದು ತೀರ್ಮಾನಿಸಿದ ಮೇಲೆ ಮೊದಲ ಮೂರು ದಿನ ತಲೆ ಸಿಡಿಯಿತು. ನಾಲ್ಕನೆಯ ದಿನ ಸಹೋದ್ಯೋಗಿ ಎಂದಿನಂತೆ "ಬನ್ನಿ ಸಾರ್, ಬೈ ಟೂ ಹೇಳೋಣ" ಎಂದು ಕರೆದಾಗ ಬರುವುದಿಲ್ಲ ಎನ್ನಲಾಗದೆ ಹೋಗಿ, ಅವರಿಗೆ ಕಾಫಿ ಹೇಳಿ ನಾನು ಕಷಾಯ ತೆಗೆದುಕೊಂಡೆ. ಮೂರು ಮಹಡಿ ಇಳಿದು, ಹತ್ತು ನಿಮಿಷ ನಿಂತು, ಮಳೆ, ಕ್ರಿಕೆಟ್ಟು, ಮಕ್ಕಳ ಫೀಸು ಎಂದು ಮಾತಾಡಿ, ಮತ್ತೆ ಮೂರು ಮಹಡಿ ಹತ್ತಿ ಬಂದಾಗ ಮೈ ಮನಸ್ಸು ಕಾಫಿ ಕುಡಿದ ದಿನದಷ್ಟೇ ಚುರುಕಾಗಿದ್ದವು. ಇಷ್ಟು ವರ್ಷ ಲೋಟದ ಲೆಕ್ಕಕ್ಕೆ ಬರೆದಿದ್ದ ಜಮೆಯಲ್ಲಿ ದೊಡ್ಡ ಪಾಲು ಮೆಟ್ಟಿಲಿನದಾಗಿತ್ತು.

ಕಚೇರಿಯವರು ಮಾತ್ರ ಈ ಹತ್ತು ನಿಮಿಷವನ್ನು ಇನ್ನೂ ಸೋಮಾರಿತನದ ತಲೆಬರಹದಲ್ಲೇ ಇಟ್ಟಿದ್ದಾರೆ. ಕುರ್ಚಿಯಲ್ಲಿ ಕೋಟು ನೇತಾಡುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದು ತಿಳಿಯುವ ಕಾಲ ಹೋಗಿದೆ ಅಂದುಕೊಂಡರೆ, ಈಗ ಪರದೆಯ ಮೇಲಿನ ಹಸಿರು ಚುಕ್ಕೆ ಆ ಕೋಟಿನ ಜಾಗಕ್ಕೆ ಬಂದಿದೆ. ಅದಕ್ಕಿಂತ ನನಗೆ ಕೆಡುಕೆನಿಸುವುದು, ತಲೆ ತಿಳಿಯಾಗಿರುವ ಹತ್ತೂವರೆಯಿಂದ ಹನ್ನೆರಡರ ಹೊತ್ತನ್ನು ಮೀಟಿಂಗಿಗೆ ಕೊಟ್ಟು, ತಲೆ ತೂಗುವ ಮೂರು ಗಂಟೆಗೆ ಲಕ್ಷಗಟ್ಟಲೆ ರೂಪಾಯಿಯ ನಮೂದುಗಳನ್ನು ಕೈಗೆ ಕೊಡುವ ಪದ್ಧತಿ. ನಾನು ಸದ್ದಿಲ್ಲದೆ ನನ್ನ ಪಾಲಿನ ಕೆಲಸವನ್ನು ತಿರುಗಿಸಿಕೊಂಡಿದ್ದೇನೆ: ಬ್ಯಾಂಕ್ ತಾಳೆ, ಹೊಸ ನಮೂದುಗಳು ಬೆಳಿಗ್ಗೆ, ಫೋನು, ಕಡತ ಜೋಡಿಸುವುದು, ವೋಚರುಗಳಿಗೆ ಸಹಿ ಹಾಕಿಸುವುದು ಊಟದ ನಂತರ. ಮೀಟಿಂಗ್ ಇರುವ ದಿನ ಇದು ಕೆಡುತ್ತದೆ, ಆ ದಿನ ಪ್ರತಿ ಅಂಕಿಯನ್ನೂ ಬಾಯಲ್ಲಿ ಹೇಳಿಕೊಂಡು ಬರೆಯುತ್ತೇನೆ.

ಕಳೆದ ತಿಂಗಳ 20ರಂದು ಮತ್ತೆ ತಾಳೆ ತಪ್ಪಿತು. ವ್ಯತ್ಯಾಸ 1,800, ಒಂಬತ್ತರಿಂದ ಸರಿಯಾಗಿ ಭಾಗವಾಗುತ್ತದೆ. ಪಕ್ಕದ ಮೇಜಿನ ಹುಡುಗನಿಗೆ ಮಧ್ಯಾಹ್ನದ ಮಂಪರಿನ ಬಗ್ಗೆ ಸಣ್ಣದೊಂದು ಉಪನ್ಯಾಸ ಮಾಡಿ, ದಾಖಲೆ ತೆರೆಯಲು ಹೇಳಿದೆ. 15,300 ಇರಬೇಕಾದಲ್ಲಿ 13,500 ಇತ್ತು. ಹೊತ್ತು ಬೆಳಿಗ್ಗೆ 11 ಗಂಟೆ 10 ನಿಮಿಷ, ನಮೂದು ನನ್ನದು.