ಪಿಆರ್ ಇತ್ತಲ್ಲ, ಮತ್ಯಾಕ ಸಿಟಿಜನ್ ಆದಿ?

ಕಲಬುರಗಿಗೆ ಬಂದ ಮೊದಲ ವಾರ ಮನೆಗೆ ಬಂದವರೆಲ್ಲ ಕೇಳಿದ್ದು ಇದೊಂದೇ. ಕಾಕಾ ಅಂತೂ ಚಹಾದ ಬಶಿ ಕೆಳಗಿಡೋ ತನಕವೂ ತಡೀಲಿಲ್ಲ. "ಅಲ್ಲವಾ, ಹನ್ನೆರಡು ವರ್ಷ ಪಿಆರ್ ಮ್ಯಾಲೇ ನಡಿಸಿದಿ. ನೌಕರಿ ಇತ್ತು, ಮನಿ ಇತ್ತು. ಈಗ್ಯಾಕ ಆ ದೇಶದಾಕಿ ಆದಿ?" ಅಂದರು. ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ಇದೇ ಪ್ರಶ್ನೆ ತಿರುಗಾಮುರುಗಾ ಬರುತ್ತಿತ್ತು: "ನೀವು ಇನ್ನೂ ಯಾಕ್ರೀ ಸಿಟಿಜನ್‌ಶಿಪ್ಪಿಗೆ ಹಾಕಿಲ್ಲ?"

ಎರಡೂ ಕಡೆಯವರಿಗೆ ನನ್ನ ಉತ್ತರ ಒಂದೇ. ಕಲಬುರಗಿಯಲ್ಲಿ ಅವ್ವನ ಹತ್ತಿರ ಇರಬೇಕಾಗಿತ್ತು, ಅದಕ್ಕೇ ಕೆನಡಾದ ಪ್ರಜೆ ಆದೆ. ಕಾಕಾ ನಕ್ಕುಬಿಟ್ಟರು. ನಗು ಬರುವಂಥದ್ದೇ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಪಿಆರ್ ಅಂದರೆ ಪರ್ಮನೆಂಟ್ ರೆಸಿಡೆಂಟ್, ಕಾಯಂ ನಿವಾಸಿ. ಕಾಯಂ ಅನ್ನೋದು ಹೆಸರಿಗೆ. ಕಾರ್ಡಿನ ಆಯುಷ್ಯ ಐದು ವರ್ಷ. ಆ ದರ್ಜೆ ಉಳಿಯಬೇಕೆಂದರೆ ಪ್ರತಿ ಐದು ವರ್ಷದಲ್ಲಿ ಕನಿಷ್ಠ 730 ದಿನ ಕೆನಡಾದ ನೆಲದ ಮೇಲೆ ಇದ್ದಿರಬೇಕು. ಎರಡು ವರ್ಷ ತಾನೆ, ಏನು ಮಹಾ ಅನ್ನಿಸಬಹುದು. ಊರಲ್ಲಿ ವಯಸ್ಸಾದವರು ಇಲ್ಲದಿದ್ದರೆ ಖರೆ ಏನೂ ಅಲ್ಲ.

ಗಂಜ್ ಅಂದರೆ ನಮ್ಮ ಊರಿನ ಕಾಳುಕಡಿಯ ಪೇಟೆ, ಅಲ್ಲಿನ ಅಡತಿ ಅಂಗಡಿಯವರು ಒಂದು ದೀಪಾವಳಿಗೆ ಅಪ್ಪನಿಗೆ ಕೊಟ್ಟಿದ್ದ ಕೆಂಪು ರಟ್ಟಿನ ಡೈರಿ ನನ್ನ ಹತ್ತಿರ ಇತ್ತು. ಅದರಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದು ಮೂರು ಕಾಲಂ ಮಾಡಿಕೊಂಡಿದ್ದೆ: ಹೋದ ದಿನ, ಬಂದ ದಿನ, ಒಟ್ಟು. 2019ರಲ್ಲಿ ಅಪ್ಪ ತೀರಿಕೊಂಡಾಗ ಬಂದು 23 ದಿನ ಇದ್ದೆ. ವಾಪಸ್ ಹೋದ ರಾತ್ರಿ, ಪೆಟ್ಟಿಗೆ ಬಿಚ್ಚುವುದಕ್ಕೂ ಮೊದಲು, ಮೂರನೇ ಕಾಲಮಿನಲ್ಲಿ 23 ಅಂತ ಬರೆದೆ. ಬರೆದು ಪೆನ್ನು ಮುಚ್ಚಿದ ಮೇಲೆ, ಹೋಗಿ ಕೈ ತೊಳೆದುಕೊಳ್ಳಬೇಕು ಅನ್ನಿಸಿತು. ತೊಳೆದುಕೊಂಡೆ ಕೂಡ.

2021ರ ಅಕ್ಟೋಬರಿನಲ್ಲಿ ಅವ್ವ ಬಚ್ಚಲ ಬಾಗಿಲಲ್ಲಿ ಜಾರಿ ಬಿದ್ದಳು. ನಮ್ಮ ಕಡೆಯ ಮನೆಗಳಲ್ಲಿ ಹಾಕಿರುವ ಶಹಾಬಾದ್ ಫರಸಿ ನಿಮಗೆ ಗೊತ್ತಲ್ಲ, ನೀರು ಬಿದ್ದರೆ ಕನ್ನಡಿ. ಸೊಂಟದ ಎಲುಬು ಮುರಿಯಿತು. ಆಪರೇಷನ್, ವಾಕರ್, ಮತ್ತೆ ನಡೆಯಲು ಕಲಿಯುವುದು ಅಂತ ಏಳು ತಿಂಗಳು ಇಲ್ಲೇ ಇದ್ದೆ. ಆಕೆ ಪಡಸಾಲೆಯಲ್ಲಿ ಒಂದೊಂದೇ ಹೆಜ್ಜೆ ಎಣಿಸುತ್ತಿದ್ದಳು, ನಾನು ಒಳಗಿನ ಕೋಣೆಯಲ್ಲಿ ದಿನ ಎಣಿಸುತ್ತಿದ್ದೆ.

ಅವಳನ್ನೇ ಅಲ್ಲಿಗೆ ಕರೆದುಕೊಂಡು ಹೋಗಬಹುದಿತ್ತಲ್ಲ ಎನ್ನುವವರಿಗೆ: ಒಯ್ದಿದ್ದೆ. ತಂದೆ-ತಾಯಿಗೆ ಅಂತಲೇ ಸೂಪರ್ ವೀಸಾ ಇದೆ, 2022ರಿಂದ ಒಂದು ಸಲ ಹೋದರೆ ಐದು ವರ್ಷದ ತನಕ ಇರಬಹುದು. ಕನಿಷ್ಠ ಒಂದು ಲಕ್ಷ ಡಾಲರ್ ರಕ್ಷಣೆ ಇರುವ ಆರೋಗ್ಯ ವಿಮೆ ಮಾಡಿಸಬೇಕು, ಅದನ್ನೂ ಮಾಡಿಸಿದೆ. ಅವ್ವ ಒಂದು ಚಳಿಗಾಲ ಇದ್ದಳು. ಮಾರ್ಚ್ ಬಂದ ಕೂಡಲೇ ಶರಣಬಸವೇಶ್ವರ ಜಾತ್ರೆಯ ಲೆಕ್ಕ ಹಾಕತೊಡಗಿದಳು. "ಇಲ್ಲಿ ಕಿಟಕ್ಯಾಗ ನಿಂತು ಯಾರನ್ನರ ಕರದ್ರ ಓ ಅನ್ನವ್ರಿಲ್ಲ. ನಾ ತೇರಿನ ಹೊತ್ತಿಗೆ ಊರಾಗ ಇರಬೇಕು" ಅಂದಳು. ತೇರಿನ ಹೊತ್ತಿಗೆ ಊರಲ್ಲೇ ಇದ್ದಳು. ಐದು ವರ್ಷದ ವೀಸಾ ನಾಲ್ಕೂವರೆ ತಿಂಗಳಿಗೆ ಮುಗಿಯಿತು.

ಹಾಗಾದರೆ ನಾನೇ ಬರಬೇಕು, ಎಷ್ಟು ದಿನ ಬೇಕೋ ಅಷ್ಟು ದಿನ ಇರಬೇಕು. ಪಿಆರ್ ಮೇಲೆ ಅದು ಆಗದು. ಸಿಟಿಜನ್ ಆದರೆ ಕೆನಡಾದವರು ನನ್ನ ದಿನ ಎಣಿಸುವುದಿಲ್ಲ, ಹತ್ತು ವರ್ಷ ಹೊರಗಿದ್ದರೂ ತಿರುಗಿ ಬಿಟ್ಟುಕೊಳ್ಳುತ್ತಾರೆ. ಭಾರತದ ಕಡೆ ಓಸಿಐ, ಅಂದರೆ ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ ಕಾರ್ಡ್ ಮಾಡಿಸಿದರೆ ಅದು ಆಜೀವ ವೀಸಾ. ಇಲ್ಲಿ ಎಷ್ಟು ದಿನ ಇದ್ದರೂ ಪೊಲೀಸ್ ಕಚೇರಿಗೆ ಹೋಗಿ ಹೆಸರು ಬರೆಸುವ ಕಾಟ ಇಲ್ಲ. ಭಾರತೀಯಳಾಗಿ ಉಳಿದರೆ ಕಲಬುರಗಿಯಲ್ಲಿ ಇರುವುದು ಕಷ್ಟ, ಪರದೇಶಿ ಆದರೆ ಸಲೀಸು! ಈ ಗಣಿತ ತಲೆಗೆ ಹೋಗಲು ನನಗೇ ಎರಡು ವರ್ಷ ಹಿಡಿಯಿತು.

ನಾನು ತಡ ಮಾಡಿದ್ದರಲ್ಲಿ ಅರ್ಧ ಸೋಮಾರಿತನ. 2012ರ ಮೇ ತಿಂಗಳಲ್ಲಿ ಹೋದೆ. ಆಗಿನ ನಿಯಮ ನಾಲ್ಕು ವರ್ಷದಲ್ಲಿ ಮೂರು ವರ್ಷ ಇದ್ದರೆ ಸಾಕು. ಮೂರು ವರ್ಷ ತುಂಬಿತು, ನಾಳೆ ಹಾಕಿದರಾಯಿತು ಅನ್ನುವಷ್ಟರಲ್ಲಿ 2015ರ ಜೂನ್ 11ಕ್ಕೆ ನಿಯಮ ಬಿಗಿಯಾಯಿತು, ಆರು ವರ್ಷದಲ್ಲಿ 1,460 ದಿನ. 2017ರ ಅಕ್ಟೋಬರಿನಲ್ಲಿ ಮತ್ತೆ ಸಡಿಲ ಮಾಡಿ ಐದು ವರ್ಷದಲ್ಲಿ 1,095 ದಿನ ಅಂದರು. ನಮ್ಮ ಯಜಮಾನರು ಆಗಲೇ ಹಾಕಿ ಮುಗಿಸಿದರು. ನಾನು ಹಾಕಲಿಲ್ಲ.

ಉಳಿದ ಅರ್ಧ ಭಾರತದ ಆ ನೀಲಿ ಪಾಸ್‌ಪೋರ್ಟ್. ಭಾರತದಲ್ಲಿ ಎರಡು ಪೌರತ್ವಕ್ಕೆ ಜಾಗ ಇಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ ತಾನಾಗಿ ಬೇರೆ ದೇಶದ ಪ್ರಜೆ ಆದವರ ಭಾರತೀಯ ಪೌರತ್ವ ಆ ಕ್ಷಣಕ್ಕೇ ಮುಗಿಯುತ್ತದೆ. ಕೆನಡಾ 1977ರಿಂದಲೂ ಎರಡಿಟ್ಟುಕೊಳ್ಳಿ ಅನ್ನುತ್ತದೆ, ಬೇಡ ಅನ್ನುವವರು ನಮ್ಮವರು. ಓಸಿಐ ಹೆಸರಿನಲ್ಲಿ ಸಿಟಿಜನ್ ಅನ್ನುವ ಶಬ್ದ ಇದ್ದರೂ ಅದು ಪೌರತ್ವ ಅಲ್ಲ.

ಈ ಸಂಕಟ ಹೇಳಿಕೊಂಡಾಗ ಅವ್ವ ಟ್ರಂಕಿನಿಂದ ಮುತ್ಯಾನ ಕಾಗದ ತೆಗೆದು ತೋರಿಸಿದಳು. ಅಪ್ಪನ ಅಪ್ಪ ಸೊಲ್ಲಾಪುರದ ಕಡೆಯವನು, ಅಂದರೆ ಬ್ರಿಟಿಷರ ಮುಲುಕಿನವನು. 1925ರ ಸುಮಾರಿಗೆ ನಿಜಾಮರ ಗುಲಬರ್ಗಾಕ್ಕೆ ಬಂದು ಗಂಜಿನಲ್ಲಿ ಲೆಕ್ಕ ಬರೆಯುತ್ತಿದ್ದ. ಸರ್ಕಾರಿ ನೌಕರಿ ಬೇಕೆಂದರೆ ಮುಲ್ಕಿ, ಅಂದರೆ ಆ ಮುಲುಕಿನವನೇ ಅಂತ ಸರ್ಕಾರ ಒಪ್ಪಿದವನು, ಆಗಬೇಕಿತ್ತು. ಹೊರಗಿನವರು ಮುಲ್ಕಿ ಆಗಲು ಹೈದರಾಬಾದ್ ಸಂಸ್ಥಾನದಲ್ಲಿ 15 ವರ್ಷ ಕಾಯಂ ವಾಸ ಮಾಡಿರಬೇಕು, ಜೊತೆಗೆ ಹಿಂದಿನ ಊರಿಗೆ ತಿರುಗಿ ಹೋಗುವ ವಿಚಾರ ಬಿಟ್ಟಿದ್ದೇನೆ ಅಂತ ಮ್ಯಾಜಿಸ್ಟ್ರೇಟರ ಮುಂದೆ ಅಫಿಡವಿಟ್ ಕೊಡಬೇಕು. ಮುತ್ಯಾ 15 ವರ್ಷ ಕಾದ, ಬರೆದುಕೊಟ್ಟ, ಕೋರ್ಟಿನಲ್ಲಿ ಗುಮಾಸ್ತನಾದ. ಎಂಟು ವರ್ಷಕ್ಕೆ, 1948ರ ಸೆಪ್ಟೆಂಬರ್ 17ಕ್ಕೆ, ಆ ಮುಲುಕೇ ಮುಗಿಯಿತು. ಆಮೇಲೆ ಒಂದೂ ಅರ್ಜಿ ಹಾಕದೆ ಭಾರತದವನಾದ, 1956ರ ನವೆಂಬರ್ 1ಕ್ಕೆ ಇದ್ದಲ್ಲೇ ಮೈಸೂರು ರಾಜ್ಯದವನಾದ. ಇನ್ನಷ್ಟು ವರ್ಷ ಬದುಕಿದ್ದರೆ ಇದ್ದ ಮನೆಯಲ್ಲೇ ಗುಲಬರ್ಗಾ ಬಿಟ್ಟು ಕಲಬುರಗಿಗೂ ಬರುತ್ತಿದ್ದ.

ಆ ಉರ್ದು ಕಾಗದ ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿದೆ, ಹಿಂದೆ ಯಾರೋ ಅಂಟು ಟೇಪು ಹಚ್ಚಿದ್ದಾರೆ. ನನಗೆ ಓದಲು ಬರುವುದಿಲ್ಲ. ಬಾಜೂ ಮನೆಯ ಚಾಚಾ ಓದಿ ಹೇಳಿದರು. 'ತಿರುಗಿ ಹೋಗುವ ವಿಚಾರ ಬಿಟ್ಟಿದ್ದೇನೆ' ಅನ್ನುವ ಸಾಲು ಬಂದಾಗ ಅವ್ವ ಅಂದಳು: "ಬರದು ಕೊಟ್ಟಿದ್ದ ಖರೆ, ಆದ್ರ ಪ್ರತಿ ವರ್ಷ ಸಿದ್ಧರಾಮನ ಗಡ್ಡಾ ಜಾತ್ರಿಗೆ ಸೊಲ್ಲಾಪುರಕ್ಕ ಹೋಗ್ತಿದ್ದ ನೋಡು." ನಂತರ ಮೆಲ್ಲಗೆ ತನ್ನದನ್ನೂ ಸೇರಿಸಿದಳು. "ನಾ ಬೀದರಿನಿಂದ ಈ ಮನಿಗಿ ಬಂದಾಗ ಊರು, ಅಡ್ಡಹೆಸರು, ನನ್ನ ಹೆಸರೂ ಬದ್ಲಿ ಮಾಡಿದ್ರು. ನನಗ್ಯಾರ ಕೇಳಿದ್ರು? ನಿನಗರ ಅರ್ಜಿ ಕೊಡ್ರಿ ಅಂತ ಕೇಳ್ಲತ್ತಾರ." ಅವ್ವನ ತವರು ಮನೆಯ ಹೆಸರು ಈಗ ಕರೆಯುವವರು ಬೀದರಿನಲ್ಲಿ ಒಬ್ಬರೇ ಉಳಿದಿದ್ದಾರೆ, ಅವಳ ಅಕ್ಕ.

2023ರ ಸೆಪ್ಟೆಂಬರಿನಲ್ಲಿ ಫಾರಂ ತುಂಬಲು ಕೂತೆ. ಅದೇ ತಿಂಗಳ 21ಕ್ಕೆ ಎರಡು ದೇಶಗಳ ಜಗಳದಲ್ಲಿ ಭಾರತ ಕೆನಡಾದವರಿಗೆ ವೀಸಾ ಕೊಡುವುದನ್ನೇ ನಿಲ್ಲಿಸಿತು. ಓಸಿಐ ಇದ್ದವರಿಗೆ ತೊಂದರೆ ಇರಲಿಲ್ಲ. ಆದರೆ ಪ್ರಮಾಣವಚನ ಆದ ದಿನದಿಂದ ಓಸಿಐ ಕೈಗೆ ಬರುವ ತನಕ ನಡುವೆ ಕೆಲವು ತಿಂಗಳ ಸಂದು ಇದೆಯಲ್ಲ, ಅಲ್ಲಿ ನಾನು ವೀಸಾ ಕೇಳಿ ಊರಿಗೆ ಬರಬೇಕಾದವಳು. ಆಗ ಅವ್ವ ಮತ್ತೆ ಬಿದ್ದರೆ? ಫಾರಂ ಮುಚ್ಚಿಟ್ಟೆ. ನವೆಂಬರಿನಲ್ಲಿ ಇ-ವೀಸಾ ಮತ್ತೆ ಶುರುವಾಯಿತು, ನನ್ನ ಧೈರ್ಯ ಶುರುವಾಗಲು ಏಪ್ರಿಲ್ ಬಂತು. ಯಾರಾದರೂ ಅರ್ಜಿ ಹಾಕುವ ವಿಚಾರದಲ್ಲಿದ್ದರೆ ನಾನು ಮೊದಲು ಹೇಳುವುದು ಈ ಸಂದಿನ ಬಗ್ಗೆ. ಮನೆಯಲ್ಲಿ ಎಲ್ಲರೂ ಗಟ್ಟಿ ಇರುವ ಕಾಲ ನೋಡಿ ಹಾಕಿ.

ಅರ್ಜಿಗೆ ಆಗ, 2024ರಲ್ಲಿ, 630 ಡಾಲರ್ ಇತ್ತು. ಡೈರಿ ಕೊನೆಗೂ ಕೆಲಸಕ್ಕೆ ಬಂತು: ಐದು ವರ್ಷದ 1,827 ದಿನಗಳಲ್ಲಿ 1,403 ಅಲ್ಲಿ, 424 ಇಲ್ಲಿ. ನಾಲ್ಕು ವರ್ಷದೊಳಗೆ ಬೇರೆ ದೇಶದಲ್ಲಿ ಒಂದೇ ಸಮನೆ 183 ದಿನ ಇದ್ದವರು ಅಲ್ಲಿನ ಪೊಲೀಸ್ ಪ್ರಮಾಣಪತ್ರ ಹಚ್ಚಬೇಕು. ಅವ್ವನ ಸೊಂಟದ ಏಳು ತಿಂಗಳು ಅದಕ್ಕೂ ಸಿಕ್ಕಿತು. ವಿಚಾರಣೆಗೆ ಠಾಣೆಯಿಂದ ಒಬ್ಬರು ಮನೆಗೆ ಬಂದು "ಮಗಳು ಯಾವಾಗ ಬರ್ತಾರ್ರೀ ಅಮ್ಮಾ?" ಅಂತ ಕೇಳಿದರಂತೆ. "ನನಗೇನ್ ಕೇಳ್ತೀರಿ, ನಿಮ್ಮ ಕಾಗದ ಮುಗದ ಮ್ಯಾಲೆ ಬರ್ತಾಳ" ಅಂದಳಂತೆ ಅವ್ವ.

ಪರೀಕ್ಷೆ ಸುಲಭ. 20 ಪ್ರಶ್ನೆ, 15 ಸರಿಯಾದರೆ ಪಾಸು, ಮನೆಯಲ್ಲೇ ಕಂಪ್ಯೂಟರ್ ಮುಂದೆ. 1867ರಲ್ಲಿ ಕೂಡಿದ ನಾಲ್ಕು ಪ್ರಾಂತ್ಯ ಯಾವುವು, ಮೊದಲ ಪ್ರಧಾನಿ ಯಾರು, ಈ ಬಗೆಯವು. ನಮ್ಮ ಹಳೆಯ ಸಮಾಜ ವಿಜ್ಞಾನದ ಮೇಷ್ಟರ ಕೈಯಲ್ಲಿ ಕಲಿತವರಿಗೆ ಹೆದರಿಕೆ ಬೇಡ.

ಇನ್ನು ಕಳೆದುಕೊಂಡದ್ದೇನು ಅಂತ ಕೇಳುವವರು. ಜಮೀನು ಹೋಯಿತಲ್ಲ ಅಂತಾರೆ ಎಲ್ಲರೂ ಮೊದಲು. ಆಳಂದ ತಾಲ್ಲೂಕಿನಲ್ಲಿ ನಾಲ್ಕು ಎಕರೆ ತೊಗರಿ ಹೊಲ ಅವ್ವನ ಹೆಸರಿನಲ್ಲಿದೆ. ಓಸಿಐದವರು ಕೃಷಿ ಜಮೀನು ಕೊಳ್ಳುವಂತಿಲ್ಲ, ನಿಜ. ಆದರೆ ಪರದೇಶದಲ್ಲಿ ನೆಲೆಸಿದ ಭಾರತೀಯ ಪಾಸ್‌ಪೋರ್ಟಿನವರೂ ಕೊಳ್ಳುವಂತಿಲ್ಲ, ವಿದೇಶಿ ವಿನಿಮಯದ ಕಾನೂನು ಇಬ್ಬರಿಗೂ ಒಂದೇ. ನನಗೆ ಆ ಹಕ್ಕು ಹೋದದ್ದು 2012ರಲ್ಲೇ, ಯಾರೂ ಹೇಳಿರಲಿಲ್ಲ ಅಷ್ಟೆ. ವಾರಸಿನಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು, ಮಾರುವುದಾದರೆ ಇಲ್ಲೇ ಇರುವ ಭಾರತೀಯರಿಗೇ ಮಾರಬೇಕು. ನಾಲ್ಕು ಎಕರೆ ತೊಗರಿ ಕೊಳ್ಳಲು ಕೆನಡಾದಿಂದ ಯಾರು ಬರುತ್ತಾರೆ ಬಿಡಿ.

ಅಣ್ಣನ ಮಗ "ಅತ್ತಿ, ನಿನ್ನ 371ಜೆ ಹೋತು" ಅಂತ ಚಾಷ್ಟಿ ಮಾಡುತ್ತಾನೆ. ಸಂವಿಧಾನದ ಆ ಕಲಮಿನಿಂದ ಸಿಗುವ ಕಲ್ಯಾಣ ಕರ್ನಾಟಕದ ಮೀಸಲಾತಿ ಪ್ರಮಾಣಪತ್ರಕ್ಕೆ ತಹಶೀಲ್ದಾರ್ ಕಚೇರಿಗೆ ಅಲೆದವನಿಗೆ ಅದರ ಬೆಲೆ ಗೊತ್ತು. ನನ್ನ ವಯಸ್ಸಿಗೆ ಅದರ ಅಗತ್ಯ ಇಲ್ಲ.

ಚುಚ್ಚಿದ್ದು ವೋಟು. 2010ರ ತಿದ್ದುಪಡಿಯಿಂದ ಹೊರದೇಶದಲ್ಲಿರುವ ಭಾರತೀಯರೂ ಫಾರಂ 6ಎ ತುಂಬಿ ಮತದಾರರ ಪಟ್ಟಿಗೆ ಸೇರಬಹುದು, ಬೂತಿಗೆ ಖುದ್ದು ಬಂದು ಹಾಕಬೇಕು. ಹನ್ನೆರಡು ವರ್ಷ ನಾನು ಆ ಫಾರಂ ತುಂಬಲಿಲ್ಲ. ಇದ್ದಾಗ ಬಳಸದ ಹಕ್ಕು ಹೋದಾಗ ಅತ್ತರೆ ಅದು ನಾಟಕ ಅಂತ ನನಗೇ ಗೊತ್ತು, ಆದರೂ ಸ್ವಲ್ಪ ಅತ್ತೆ. 2025ರ ಏಪ್ರಿಲ್ 28ಕ್ಕೆ ಅಲ್ಲಿನ ಸಂಸತ್ತಿನ ಚುನಾವಣೆಯಲ್ಲಿ ಮೊದಲ ಸಲ ವೋಟು ಹಾಕಿದೆ. ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ ಮಡಚಿ ಡಬ್ಬಿಗೆ ಬಿಟ್ಟು, ಎಡಗೈ ಬೆರಳು ಮುಂದೆ ಚಾಚಿಕೊಂಡು ನಿಂತೆ. ಮೇಜಿನ ಹಿಂದಿದ್ದ ಹುಡುಗಿ ನನ್ನ ಬೆರಳನ್ನೇ ನೋಡಿದಳು. ಅಲ್ಲಿ ಶಾಯಿ ಹಚ್ಚುವುದಿಲ್ಲ.

ಪ್ರಮಾಣವಚನ ಅದಕ್ಕೂ ಮೊದಲು, ಫೆಬ್ರವರಿಯಲ್ಲಿ, ಝೂಮ್ ಮೇಲೆ ಆಯಿತು. ಇನ್ನೊಂದು ಫೋನಿನಲ್ಲಿ ಅವ್ವ ಇದ್ದಳು, ಕಲಬುರಗಿಯಲ್ಲಿ ರಾತ್ರಿ ಎಂಟೂವರೆ, ರೊಟ್ಟಿ ಬಡಿಯುವುದು ಮುಗಿದಿತ್ತು. ಪಿಆರ್ ಕಾರ್ಡನ್ನು ಕ್ಯಾಮೆರಾಕ್ಕೆ ಹಿಡಿದು ಕತ್ತರಿಸಿ ಅಂದರು. ಅಡಿಗೆಮನೆಯ ಕತ್ತರಿ, ಪ್ಲಾಸ್ಟಿಕ್ ಗಟ್ಟಿ, ಎರಡು ಸಲ ಜಾರಿತು. "ಅಷ್ಟು ವರ್ಷ ಜತನ ಮಾಡಿದ್ದು, ಕತ್ತರಿಸೇ ಬಿಟ್ಟ್ಯಾ?" ಅಂದಳು ಅವ್ವ. ನಂತರ ಬಲಗೈ ಎತ್ತಿ ಮೂರನೇ ಚಾರ್ಲ್ಸ್ ದೊರೆಗೆ, ಆತನ ವಾರಸುದಾರರಿಗೆ ನಿಷ್ಠಳಾಗಿರುತ್ತೇನೆ ಅಂತ ಹೇಳಿದೆ. ಅರ್ಥ ಹೇಳಿದಾಗ ಅವ್ವ ನಕ್ಕಳು: "ನಿಮ್ಮ ಮುತ್ಯಾ ನಿಜಾಮಗ ಬರದು ಕೊಟ್ಟ, ನೀ ಇಂಗ್ಲೆಂಡಿನ ರಾಜಗ ಮಾತು ಕೊಟ್ಟಿ. ನಮ್ಮ ಮನಿಗಿ ರಾಜರ ಕಾಟ ತಪ್ಪಂಗಿಲ್ಲ."

ನೀಲಿ ಪಾಸ್‌ಪೋರ್ಟ್ ರದ್ದು ಮುದ್ರೆ ಹಾಕಿಸಿಕೊಂಡು ವಾಪಸ್ ಬಂತು. ಅದರಲ್ಲೂ ಹೊಸದರಲ್ಲೂ ಹುಟ್ಟಿದ ಊರು ಗುಲಬರ್ಗಾ ಅಂತಲೇ ಇದೆ. ಮೇ ತಿಂಗಳಲ್ಲಿ ಓಸಿಐ ಸಿಕ್ಕಿತು, ಜೂನಿನಲ್ಲಿ ಹೊರಟು ಬಂದೆ. ಯಜಮಾನರು, ಮಗ ಅಲ್ಲೇ ಇದ್ದಾರೆ. ಅದು ಬೇರೆ ಕಥೆ, ಅದನ್ನು ಕಾಕಾ ಇನ್ನೂ ಕೇಳಿಲ್ಲ.

ಕೆಂಪು ಡೈರಿಯಲ್ಲಿ ಉಳಿದ ಹಾಳೆಗಳನ್ನು ಅವ್ವ ಹಾಲಿನ ಲೆಕ್ಕಕ್ಕೆ ತೆಗೆದುಕೊಂಡಿದ್ದಾಳೆ. ನನ್ನ ಮೂರು ಕಾಲಮಿನ ಕೆಳಗೇ ಅರ್ಧ, ಅರ್ಧ, ಒಂದು, ಇಲ್ಲ ಅಂತ ಬರೆಯುತ್ತಾಳೆ. ಕೊನೆಯ ಪುಟ ಮಾತ್ರ ನಾನು ಬಿಟ್ಟುಕೊಟ್ಟಿಲ್ಲ. ಒಂಟಾರಿಯೊದ ಸರ್ಕಾರಿ ಆರೋಗ್ಯ ಕಾರ್ಡ್ ಉಳಿಯಬೇಕೆಂದರೆ ಯಾವುದೇ ಹನ್ನೆರಡು ತಿಂಗಳಲ್ಲಿ 153 ದಿನ ಅಲ್ಲಿರಬೇಕು. ಅದಕ್ಕೆ ಯಾವ ಪಾಸ್‌ಪೋರ್ಟ್ ಅಂತ ಕೇಳುವುದಿಲ್ಲ.